ಫೋನ್ ನಂಬರ್ ಕೊಡದೆ ಇಮೇಲ್ ಖಾತೆ ತೆರೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹೆಸರು ಹಾಕಿದ್ದಾಯಿತು, ಹುಟ್ಟಿದ ದಿನಾಂಕ ಹಾಕಿದ್ದಾಯಿತು, ಬೇಕಾದ ಐಡಿಯೂ ಸಿಕ್ಕಿತು. ಪಾಸ್‌ವರ್ಡ್ ಎರಡು ಸಲ ಟೈಪ್ ಮಾಡಿ ಮುಂದೆ ಹೋದರೆ ಪರದೆಯ ಮೇಲೆ ಒಂದೇ ಒಂದು ಖಾಲಿ ಪೆಟ್ಟಿಗೆ: ಫೋನ್ ನಂಬರ್. ತುಂಬದಿದ್ದರೆ ಮುಂದಿನ ಪುಟವೇ ತೆರೆಯುವುದಿಲ್ಲ. ಬಹಳಷ್ಟು ಜನ ಇಲ್ಲಿಗೆ ಬಂದು ಬೇಸತ್ತು ನಂಬರ್ ಕೊಟ್ಟುಬಿಡುತ್ತಾರೆ. ಕೊಡಲೇಬೇಕು ಅಂತೇನಿಲ್ಲ. ನಂಬರ್ ಕೇಳದೆಯೇ ಖಾತೆ ಕೊಡುವ ಒಳ್ಳೆಯ ಸೇವೆಗಳಿವೆ. ಕೇಳುವ ಸೇವೆಗಳಲ್ಲೂ ಕೆಲವೊಮ್ಮೆ ದಾರಿ ಸಿಗುತ್ತದೆ.

ಆದರೆ ಒಂದು ಮಾತು ಮೊದಲೇ ತಿಳಿದಿರಲಿ. ನಂಬರ್ ಇಲ್ಲದೆ ಖಾತೆ ತೆರೆಯುವುದು ಹತ್ತು ನಿಮಿಷದ ಕೆಲಸ. ಆ ಖಾತೆ ಮುಂದೆ ಕೈತಪ್ಪದಂತೆ ಉಳಿಸಿಕೊಳ್ಳುವುದೇ ನಿಜವಾದ ಕೆಲಸ. ಪಾಸ್‌ವರ್ಡ್ ಮರೆತ ದಿನ ಓಟಿಪಿ ಕಳಿಸೋಣ ಎಂದರೆ ಅವರ ಹತ್ತಿರ ನಿಮ್ಮ ನಂಬರೇ ಇರುವುದಿಲ್ಲ. ನಂಬರ್ ಮಾಡುತ್ತಿದ್ದ ಕೆಲಸವನ್ನು ಬೇರೆ ಯಾವುದಾದರೂ ಮಾಡಬೇಕು, ಅದನ್ನು ಖಾತೆ ತೆರೆದ ದಿನವೇ ಸಿದ್ಧ ಮಾಡಿಟ್ಟುಕೊಳ್ಳಬೇಕು. ಅದಕ್ಕೇ ಇಲ್ಲಿ ಸೈನ್ ಅಪ್‌ಗೆ ಕೊಟ್ಟಷ್ಟೇ ಜಾಗ ರಿಕವರಿಗೂ, ಅಂದರೆ ಕೈತಪ್ಪಿದ ಖಾತೆಯನ್ನು ವಾಪಸ್ ಪಡೆಯುವುದಕ್ಕೂ, ಇದೆ.

ನಂಬರ್ ಯಾಕೆ ಕೇಳುತ್ತಾರೆ

ಇಮೇಲ್ ಸೇವೆ ನಡೆಸುವವರಿಗೆ ದೊಡ್ಡ ಕಾಟ ಸ್ಪ್ಯಾಮ್ ಕಳಿಸುವವರದು. ಒಂದು ಪ್ರೋಗ್ರಾಂ ಬರೆದಿಟ್ಟರೆ ಸಾಕು, ಬೆಳಗಾಗುವುದರೊಳಗೆ ಸಾವಿರಾರು ಖಾತೆಗಳು ಹುಟ್ಟಿಕೊಳ್ಳುತ್ತವೆ. ಆ ಖಾತೆಗಳಿಂದ ಸ್ಪ್ಯಾಮ್ ಹೊರಟರೆ ಸೇವೆಯ ಡೊಮೇನ್‌ಗೇ (ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರಿಗೇ) ಕೆಟ್ಟ ಹೆಸರು ಬರುತ್ತದೆ, ಆಮೇಲೆ ಅಲ್ಲಿನ ಪ್ರಾಮಾಣಿಕ ಬಳಕೆದಾರರ ಮೇಲ್ ಕೂಡ ಎದುರಿನವರ ಸ್ಪ್ಯಾಮ್ ಫೋಲ್ಡರ್‌ಗೆ ಬೀಳುತ್ತದೆ. ಪ್ರೋಗ್ರಾಂಗೆ ಸಾವಿರ ಹೆಸರು ಹುಟ್ಟಿಸುವುದು ಸುಲಭ, ಸಾವಿರ ಸಿಮ್ ಹೊಂದಿಸುವುದು ದುಬಾರಿ. ಹಾಗಾಗಿ ಫೋನ್ ನಂಬರ್ ಒಂದು ಬ್ರೇಕ್.

ಇದರಿಂದ ನಮಗೆ ತಿಳಿಯಬೇಕಾದದ್ದು ಒಂದಿದೆ. ದೊಡ್ಡ ಸೇವೆಗಳು ಎಲ್ಲರಿಗೂ ಒಂದೇ ಫಾರ್ಮ್ ತೋರಿಸುವುದಿಲ್ಲ. ನೀವು ಬಂದಿರುವ ಐಪಿ ವಿಳಾಸ (ನಿಮ್ಮ ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ), ಬ್ರೌಸರ್, ಅದರಲ್ಲಿ ಹಿಂದಿನ ಭೇಟಿಯ ಗುರುತಾದ ಕುಕೀ ಇದೆಯೋ ಇಲ್ಲವೋ, ಅದೇ ಐಪಿಯಿಂದ ಇತ್ತೀಚೆಗೆ ಎಷ್ಟು ಖಾತೆ ತೆರೆದಿದೆ, ಇವನ್ನೆಲ್ಲ ನೋಡಿ ಎಷ್ಟು ಅನುಮಾನ ಪಡಬೇಕೆಂದು ತೀರ್ಮಾನಿಸುತ್ತವೆ. ಅನುಮಾನ ಕಡಿಮೆಯಿದ್ದರೆ ಬರೀ ಕ್ಯಾಪ್ಚಾ (ನೀವು ಯಂತ್ರವಲ್ಲ, ಮನುಷ್ಯರೇ ಎಂದು ತೋರಿಸುವ ಸಣ್ಣ ಒಗಟು), ಹೆಚ್ಚಿದ್ದರೆ ನಂಬರ್. ಒಬ್ಬರು ನನಗೆ ಸ್ಕಿಪ್ ಬಟನ್ ಸಿಕ್ಕಿತು ಎನ್ನುವುದೂ, ಇನ್ನೊಬ್ಬರು ಅಂಥ ಬಟನ್ನೇ ಇಲ್ಲ ಎನ್ನುವುದೂ ಎರಡೂ ನಿಜವಾಗಿರಲು ಸಾಧ್ಯ.

ಕೊಡದಿರಲು ಒಳ್ಳೆಯ ಕಾರಣಗಳಿವೆ

ಮುಚ್ಚಿಡಬೇಕಾದದ್ದು ಇರುವವರಿಗೆ ಮಾತ್ರ ಈ ಉಸಾಬರಿ ಎಂದುಕೊಳ್ಳುವುದು ತಪ್ಪು. ಸುರಕ್ಷತೆಗೆಂದು ಪಡೆದ ಫೋನ್ ನಂಬರ್ ಮತ್ತು ಇಮೇಲ್‌ಗಳನ್ನು ಜಾಹೀರಾತಿಗೆ ಬಳಸಿದ್ದಕ್ಕಾಗಿ ಟ್ವಿಟರ್ 2022ರ ಮೇ ತಿಂಗಳಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ 15 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಬೇಕಾಯಿತು. 2021ರ ಏಪ್ರಿಲ್‌ನಲ್ಲಿ ಸುಮಾರು 53 ಕೋಟಿ ಫೇಸ್‌ಬುಕ್ ಬಳಕೆದಾರರ ಮಾಹಿತಿ, ಫೋನ್ ನಂಬರ್ ಸಮೇತ, ಇಂಟರ್ನೆಟ್‌ನಲ್ಲಿ ಬಿಟ್ಟಿಯಾಗಿ ಹರಿದಾಡಿತು. ಪಾಸ್‌ವರ್ಡ್ ಸೋರಿಕೆಯಾದರೆ ಬದಲಾಯಿಸಬಹುದು. ವರ್ಷಗಟ್ಟಲೆ ಬಳಸಿದ ನಂಬರನ್ನು ಅಷ್ಟು ಸುಲಭವಾಗಿ ಬದಲಾಯಿಸಲಾಗುವುದಿಲ್ಲ.

ಇನ್ನೊಂದು ಅಪಾಯದ ಬಗ್ಗೆ ಜನ ಅಷ್ಟಾಗಿ ಯೋಚಿಸುವುದಿಲ್ಲ. ರೀಚಾರ್ಜ್ ಮಾಡದೆ ಬಿಟ್ಟ ನಂಬರನ್ನು ಕಂಪನಿ ಕೆಲಕಾಲದ ನಂತರ ಬೇರೆಯವರಿಗೆ ಕೊಡುತ್ತದೆ. ನಿಮ್ಮ ಮೇಲ್ ಖಾತೆಗೆ ಆ ನಂಬರ್ ಇನ್ನೂ ಅಂಟಿಕೊಂಡಿದ್ದರೆ ಓಟಿಪಿ ಹೋಗುವುದು ಹೊಸ ಮಾಲೀಕರಿಗೆ. ನಿಮ್ಮ ನಂಬರನ್ನು ವಂಚಕರು ತಮ್ಮ ಸಿಮ್‌ಗೆ ವರ್ಗಾಯಿಸಿಕೊಳ್ಳುವ ಸಿಮ್ ಸ್ವಾಪ್ ಮೋಸವಂತೂ ಇದ್ದೇ ಇದೆ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಎಸ್‌ಎಂಎಸ್ ಮೂಲಕ ಗುರುತು ಪರಿಶೀಲಿಸುವುದನ್ನು ಎಚ್ಚರದಿಂದ, ಮಿತವಾಗಿ ಬಳಸಬೇಕಾದ ವಿಧಾನಗಳ ಗುಂಪಿಗೆ ಸೇರಿಸಿತು.

ಜೊತೆಗೇ ಇದೂ ಗಮನದಲ್ಲಿರಲಿ: ನಂಬರ್ ಕೊಡದ ಮಾತ್ರಕ್ಕೆ ನೀವು ಅನಾಮಧೇಯರಾಗುವುದಿಲ್ಲ. ಐಪಿ ವಿಳಾಸ ಗೊತ್ತಾಗುತ್ತದೆ, ರಿಕವರಿಗೆ ಕೊಟ್ಟ ಇನ್ನೊಂದು ಮೇಲ್ ನಿಮ್ಮ ಗುರುತು ಹೇಳುತ್ತದೆ. ಇಲ್ಲಿರುವುದು ನಂಬರ್ ಹಂಚದಿರುವ ದಾರಿ, ಕಾನೂನಿನಿಂದ ತಪ್ಪಿಸಿಕೊಳ್ಳುವ ದಾರಿಯಲ್ಲ.

ಶುರು ಮಾಡುವ ಮುನ್ನ

ಒಂದು ಬಿಳಿ ಹಾಳೆ, ಒಂದು ಪೆನ್ ಹತ್ತಿರ ಇಟ್ಟುಕೊಳ್ಳಿ. ಪಾಸ್‌ವರ್ಡ್ ಮರೆತಾಗ ಖಾತೆ ವಾಪಸ್ ಕೊಡಿಸುವ ರಿಕವರಿ ಕೋಡ್ ಪರದೆಯ ಮೇಲೆ ಬಂದಾಗ ಆಮೇಲೆ ಬರೆದುಕೊಂಡರಾಯಿತು ಎಂದು ಕ್ಲೋಸ್ ಮಾಡಿದವರು ಮತ್ತೆ ಆ ಪುಟಕ್ಕೆ ಹೋಗುವುದೇ ಇಲ್ಲ. ಸ್ಕ್ರೀನ್‌ಶಾಟ್ ತೆಗೆದರೆ ಅದು ಫೋನ್‌ನ ಫೋಟೋಗಳ ಜೊತೆ ಕ್ಲೌಡ್‌ಗೆ ಹೋಗಿ ಕೂರುತ್ತದೆ. ಕಾಗದವೇ ವಾಸಿ.

ಪಾಸ್‌ವರ್ಡ್ ಮೊದಲೇ ತೀರ್ಮಾನಿಸಿ. ಪಾಸ್‌ವರ್ಡ್ ಮ್ಯಾನೇಜರ್ (ಪಾಸ್‌ವರ್ಡ್‌ಗಳನ್ನು ಹುಟ್ಟಿಸಿ ಜೋಪಾನವಾಗಿಡುವ ಆ್ಯಪ್) ಇದ್ದರೆ 20 ಅಕ್ಷರಗಳದ್ದೊಂದು ಅದರಲ್ಲೇ ಹುಟ್ಟಿಸಿ. ಇಲ್ಲದಿದ್ದರೆ ಒಂದಕ್ಕೊಂದು ಸಂಬಂಧವಿಲ್ಲದ ಆರು ಪದಗಳನ್ನು ಸಾಲಾಗಿ ಬರೆಯಿರಿ. ಪದಗಳನ್ನು ದಾಳ ಉರುಳಿಸಿ ಪಟ್ಟಿಯಿಂದ ಆರಿಸುವ ಡೈಸ್‌ವೇರ್ ವಿಧಾನದಲ್ಲಿ ಪಟ್ಟಿಯಲ್ಲಿ 7776 ಪದಗಳಿರುತ್ತವೆ, ಆರು ಪದ ಸೇರಿದರೆ ಊಹಿಸಿ ಭೇದಿಸುವುದು ಆಗದ ಮಾತು. ತಲೆಗೆ ತೋಚಿದ ಪದಗಳಿಗೆ ಅಷ್ಟು ಬಲ ಇರುವುದಿಲ್ಲ, ಏಕೆಂದರೆ ನಮಗೆ ತೋಚುವುದು ನಮ್ಮದೇ ಬದುಕಿನ ಪದಗಳು.

ಬ್ರೌಸರ್ ಮತ್ತು ಸಂಪರ್ಕದ ವಿಷಯ ಅನುಮಾನದ ಲೆಕ್ಕಕ್ಕೆ ನೇರವಾಗಿ ಸೇರುತ್ತದೆ. ನಂಬರ್ ಕೊಡಬಾರದು ಅನ್ನುವುದಷ್ಟೇ ನಿಮ್ಮ ಉದ್ದೇಶವಾದರೆ ಸೈನ್ ಅಪ್ ಮಾಡುವಾಗ ವಿಪಿಎನ್ (ನಿಮ್ಮ ಸಂಪರ್ಕವನ್ನು ಬೇರೆ ಸರ್ವರ್ ಮೂಲಕ ಕಳಿಸಿ ನಿಮ್ಮ ಐಪಿ ಮರೆಮಾಡುವ ಸೇವೆ) ಆಫ್ ಮಾಡಿ. ವಿಪಿಎನ್‌ನ ಒಂದೇ ಐಪಿಯನ್ನು ನೂರಾರು ಜನ ಹಂಚಿಕೊಂಡಿರುತ್ತಾರೆ, ಅವರಲ್ಲಿ ಯಾರೋ ಮಾಡಿದ ಕಿತಾಪತಿ ನಿಮ್ಮ ತಲೆಗೆ ಬರುತ್ತದೆ. ಮೊಬೈಲ್ ಡೇಟಾದಲ್ಲೂ ಹಲವರಿಗೆ ಒಂದೇ ಹೊರ ಐಪಿ ಇರುವುದು ಸಾಮಾನ್ಯ. ಸಾಧ್ಯವಿದ್ದರೆ ಮನೆಯ ಬ್ರಾಡ್‌ಬ್ಯಾಂಡ್‌ನಿಂದ, ದಿನವೂ ಬಳಸುವ ಸಾಧಾರಣ ಬ್ರೌಸರ್‌ನಿಂದ ಪ್ರಯತ್ನಿಸಿ. ಜಾವಾಸ್ಕ್ರಿಪ್ಟ್ ಆನ್ ಇರಲಿ. ಕ್ಯಾಪ್ಚಾ ಬರುವ ಜಾಗ ಖಾಲಿ ಕಾಣಿಸಿದರೆ ಮೊದಲು ನೋಡಬೇಕಾದದ್ದು ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್, ಬಹುತೇಕ ಸಲ ತಪ್ಪು ಅದರದ್ದೇ.

ಐಪಿಯನ್ನೂ ತೋರಿಸಬಾರದು ಎನ್ನುವವರು ಟಾರ್ ಬ್ರೌಸರ್ ಬಳಸಬಹುದು. ಆಗ ಕ್ಯಾಪ್ಚಾ ಒಂದರ ಮೇಲೊಂದು ಬರುತ್ತದೆ, ಕೆಲವು ಕಡೆ ಬಾಗಿಲೇ ತೆರೆಯುವುದಿಲ್ಲ. ತಾಳ್ಮೆ ಬೇಕು.

ಮೊದಲ ಆಯ್ಕೆ: ಟೂಟಾ

ನಂಬರೂ ಬೇಡ, ಇನ್ನೊಂದು ಮೇಲ್ ಐಡಿಯೂ ಬೇಡ, ಕೈಯಲ್ಲಿ ಏನೂ ಇಲ್ಲದೆ ಶೂನ್ಯದಿಂದ ಶುರು ಮಾಡಬೇಕು ಎನ್ನುವವರಿಗೆ ಟೂಟಾ ಸರಿಯಾದ ಜಾಗ. ಜರ್ಮನಿಯ ಹ್ಯಾನೋವರ್‌ನ ಸೇವೆ. 2011ರಿಂದ ಟೂಟಾನೋಟಾ ಎಂಬ ಹೆಸರಿನಲ್ಲಿದ್ದದ್ದು 2023ರ ನವೆಂಬರ್‌ನಲ್ಲಿ ಟೂಟಾ ಆಯಿತು. ಉಚಿತ ಖಾತೆಗೆ 1 ಜಿಬಿ ಜಾಗ. ಮೇಲ್‌ಗಳೆಲ್ಲ ಎನ್‌ಕ್ರಿಪ್ಟ್ ಆಗಿಯೇ (ಕೀ ಇಲ್ಲದವರು ಓದಲಾಗದಂತೆ) ಅವರ ಸರ್ವರ್‌ನಲ್ಲಿ ಕೂರುತ್ತವೆ.

1. ಟೂಟಾದ ವೆಬ್‌ಸೈಟ್‌ನಲ್ಲೋ ಆ್ಯಪ್‌ನಲ್ಲೋ ಸೈನ್ ಅಪ್ ಒತ್ತಿ ಉಚಿತ ಪ್ಲಾನ್ ಆರಿಸಿ. ಒಬ್ಬರಿಗೆ ಒಂದೇ ಉಚಿತ ಖಾತೆ ಎಂಬುದು ಅವರ ನಿಯಮ, ಅದನ್ನು ಒಪ್ಪಿಕೊಳ್ಳುವ ಟಿಕ್ ಕೇಳುತ್ತದೆ.

2. ಐಡಿ ಬರೆದು ಡೊಮೇನ್ ಆರಿಸಿ. ಟೂಟಾಮೇಲ್ ಡಾಟ್ ಕಾಮ್ ಉಚಿತ ಖಾತೆಗೂ ಸಿಗುತ್ತದೆ, ಬರೀ ಟೂಟಾ ಡಾಟ್ ಕಾಮ್ ದುಡ್ಡು ಕೊಡುವವರಿಗೆ. ಫೋನ್‌ನಲ್ಲಿ ಬಾಯಿಬಿಟ್ಟು ಹೇಳಿದರೆ ಎದುರಿನವರಿಗೆ ಅರ್ಥವಾಗುವಂಥ ಡೊಮೇನ್ ಆರಿಸಿದರೆ ಮುಂದೆ ಅನುಕೂಲ.

3. ಪಾಸ್‌ವರ್ಡ್ ಹಾಕಿ. ಪಕ್ಕದಲ್ಲಿ ಅದರ ಬಲ ತೋರಿಸುವ ಗೆರೆ ಇರುತ್ತದೆ, ಅದು ತುಂಬದಿದ್ದರೆ ಇನ್ನೊಂದು ಪದ ಸೇರಿಸಿ.

4. ಕ್ಯಾಪ್ಚಾ. ಟೂಟಾದಲ್ಲಿ ಇದು ಗಡಿಯಾರದ ಚಿತ್ರವಾಗಿ ಬಂದರೆ ಮುಳ್ಳು ನೋಡಿ ಗಂಟೆ, ನಿಮಿಷ ಬರೆಯಬೇಕು: 08:15 ಎಂಬ ರೀತಿಯಲ್ಲಿ, ಗಂಟೆಗೂ ಎರಡು ಅಂಕಿ, ನಡುವೆ ಕೋಲನ್. ಜನ ಎಡವುವುದು ಹೆಚ್ಚಾಗಿ ನಿಮಿಷದ ಮುಳ್ಳು 9ರ ಆಚೆ ಇದ್ದಾಗ. 4 ಗಂಟೆ 50 ನಿಮಿಷಕ್ಕೆ ಗಂಟೆಯ ಮುಳ್ಳು 5ರ ಹತ್ತಿರ ಇರುತ್ತದೆ, ನೋಡಿದವರು 05:50 ಎಂದು ಬರೆದುಬಿಡುತ್ತಾರೆ. ಸರಿ ಉತ್ತರ 04:50.

5. ಈಗ ಬರುವ ಪುಟದಲ್ಲಿ ರಿಕವರಿ ಕೋಡ್ ಇರುತ್ತದೆ. ಇದೇ ಈ ಖಾತೆಯ ಜೀವ. ಒಟ್ಟು 64 ಅಕ್ಷರಗಳು, ನಾಲ್ಕು ನಾಲ್ಕರಂತೆ 16 ಗುಂಪು. ಪ್ರಿಂಟರ್ ಇದ್ದರೆ ಅಲ್ಲೇ ಪ್ರಿಂಟ್ ತೆಗೆಯಿರಿ. ಕೈಯಲ್ಲಿ ಬರೆಯುವವರಿಗೆ ಒಂದು ಸಹಾಯ: ಇದು ಹೆಕ್ಸಾಡೆಸಿಮಲ್ ಕೋಡ್, 0ಯಿಂದ 9ರವರೆಗಿನ ಅಂಕಿ ಮತ್ತು ಎ, ಬಿ, ಸಿ, ಡಿ, ಇ, ಎಫ್ ಅಕ್ಷರಗಳು ಮಾತ್ರ ಇರುತ್ತವೆ. ಅಂದರೆ ದುಂಡಗೆ ಕಂಡದ್ದೆಲ್ಲ ಸೊನ್ನೆಯೇ, ‘ಓ’ ಅಲ್ಲ. ನೆಟ್ಟಗೆ ಗೆರೆಯಂತೆ ಕಂಡದ್ದು ಒಂದೇ, ‘ಎಲ್’ ಅಲ್ಲ. ಎಚ್ಚರ ಬೇಕಾದದ್ದು ಸಣ್ಣಕ್ಷರದ ‘ಬಿ’ ಮತ್ತು 6ರ ನಡುವೆ. ನಾಲ್ಕು ಗುಂಪಿಗೊಂದು ಸಾಲು ಮಾಡಿ ಬರೆದು, ಮುಗಿದ ಮೇಲೆ ಕೊನೆಯ ಗುಂಪಿನಿಂದ ಹಿಂದಕ್ಕೆ ಓದುತ್ತಾ ತಾಳೆ ನೋಡಿ. ಮುಂದಿನಿಂದ ಓದಿದರೆ ಕಣ್ಣು ತಪ್ಪನ್ನು ತಾನೇ ತಿದ್ದಿಕೊಂಡು ಮುಂದೆ ಹೋಗಿಬಿಡುತ್ತದೆ.

6. ಲಾಗಿನ್ ಆಗಿ. ಖಾತೆ ಪರಿಶೀಲನೆಯಲ್ಲಿದೆ, 48 ಗಂಟೆಯವರೆಗೆ ಹಿಡಿಯಬಹುದು ಎಂಬ ಸೂಚನೆ ಬಂದರೆ ಗಾಬರಿ ಬೇಡ. ಇದು ಸ್ಪ್ಯಾಮ್ ತಡೆಯಲು ಅವರು ನಂಬರಿನ ಬದಲು ಇಟ್ಟುಕೊಂಡಿರುವ ಬ್ರೇಕ್. ಅಷ್ಟು ಹೊತ್ತು ಮೇಲ್ ಕಳಿಸುವ ಕೆಲಸ ಇಟ್ಟುಕೊಳ್ಳಬೇಡಿ. ಇಲ್ಲಿ ಮಾಡುವ ದೊಡ್ಡ ತಪ್ಪೆಂದರೆ ಕಾಯಲಾರದೆ ಅದೇ ಕಂಪ್ಯೂಟರ್‌ನಿಂದ ಇನ್ನೊಂದು, ಮತ್ತೊಂದು ಖಾತೆ ತೆರೆಯುವುದು. ಒಂದೇ ಐಪಿಯಿಂದ ಮೂರು ಖಾತೆ ಬಂದರೆ ನೋಡುವವರಿಗೆ ನೀವೂ ಸ್ಪ್ಯಾಮರ್ ಥರವೇ ಕಾಣುತ್ತೀರಿ.

ಟೂಟಾದಲ್ಲಿ ಪಾಸ್‌ವರ್ಡ್, ಎರಡನೇ ಹಂತದ ಕೋಡ್ (ಲಾಗಿನ್ ಆಗುವಾಗ ಪಾಸ್‌ವರ್ಡ್ ಜೊತೆ ಹಾಕುವ ಓಟಿಪಿ ಆ್ಯಪ್‌ನ ಕೋಡ್, ಅದರ ವಿವರ ಮುಂದಿದೆ), ರಿಕವರಿ ಕೋಡ್ ಈ ಮೂರರಲ್ಲಿ ಎರಡು ಕೈಯಲ್ಲಿದ್ದರೆ ಮೂರನೆಯದನ್ನು ಮತ್ತೆ ಹೊಂದಿಸಿಕೊಳ್ಳಬಹುದು. ಪಾಸ್‌ವರ್ಡೂ ಹೋಗಿ ರಿಕವರಿ ಕೋಡೂ ಇಲ್ಲವೆಂದರೆ ಖಾತೆ ಹೋದ ಹಾಗೆಯೇ. ಸಹಾಯವಾಣಿಗೆ ಎಷ್ಟು ಬೇಡಿಕೊಂಡರೂ ಪ್ರಯೋಜನವಿಲ್ಲ, ಬೀಗದ ಕೈ ಅವರ ಹತ್ತಿರವೂ ಇಲ್ಲ. ಇನ್ನೊಂದು ಮಿತಿ: ಥಂಡರ್‌ಬರ್ಡ್‌ನಂಥ ಬೇರೆ ಮೇಲ್ ಪ್ರೋಗ್ರಾಂಗಳಲ್ಲಿ ಇದನ್ನು ತೆರೆಯಲಾಗದು, ಅವರದೇ ಆ್ಯಪ್ ಅಥವಾ ವೆಬ್‌ಸೈಟ್ ಬೇಕು.

ಎರಡನೇ ಆಯ್ಕೆ: ಪ್ರೋಟಾನ್ ಮೇಲ್

ಯುರೋಪಿನ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನಲ್ಲಿ ಭೇಟಿಯಾದ ವಿಜ್ಞಾನಿಗಳು 2014ರಲ್ಲಿ ಶುರು ಮಾಡಿದ ಸ್ವಿಸ್ ಸೇವೆ. ಉಚಿತ ಖಾತೆಗೆ 1 ಜಿಬಿಯವರೆಗೆ ಜಾಗ, ದಿನಕ್ಕೆ 150 ಮೇಲ್ ಕಳಿಸಬಹುದು. ನೋಡಲು, ಬಳಸಲು ಜಿಮೇಲ್ ರೂಢಿಯಿರುವವರಿಗೆ ಟೂಟಾಗಿಂತ ಇದು ಬೇಗ ಒಗ್ಗುತ್ತದೆ.

ಉಚಿತ ಪ್ಲಾನ್, ಐಡಿ, ಪಾಸ್‌ವರ್ಡ್ ಇಷ್ಟು ತುಂಬಿದ ಮೇಲೆ ಮನುಷ್ಯರೇ ಎಂದು ಖಚಿತಪಡಿಸುವ ಕಿಟಕಿ ತೆರೆಯುತ್ತದೆ. ಅದರ ಮೇಲ್ಭಾಗವನ್ನು ಗಮನಿಸಿ: ಕ್ಯಾಪ್ಚಾ, ಇಮೇಲ್, ಎಸ್‌ಎಂಎಸ್ ಹೀಗೆ ಒಂದಕ್ಕಿಂತ ಹೆಚ್ಚು ಟ್ಯಾಬ್ ಇರಬಹುದು. ಎಸ್‌ಎಂಎಸ್ ಟ್ಯಾಬ್ ತೆರೆದಿದ್ದರೆ ಪಕ್ಕದ್ದನ್ನು ಒತ್ತಿ, ಅದೊಂದೇ ದಾರಿ ಎಂದುಕೊಂಡು ವಾಪಸ್ ಹೋಗಬೇಡಿ. ಕ್ಯಾಪ್ಚಾ ಸಿಕ್ಕರೆ ಚಿತ್ರದ ತುಂಡನ್ನು ಎಳೆದು ಜಾಗಕ್ಕೆ ಕೂರಿಸಿದರೆ ಮುಗಿಯಿತು. ಇಮೇಲ್ ಮಾತ್ರ ಸಿಕ್ಕರೆ ಬೇರೊಂದು ಐಡಿ ಕೊಟ್ಟು ಅಲ್ಲಿಗೆ ಬಂದ ಕೋಡ್ ಹಾಕಬೇಕು. ಹತ್ತು ನಿಮಿಷದ ತಾತ್ಕಾಲಿಕ ಮೇಲ್ ವಿಳಾಸಗಳನ್ನು ಸಾಮಾನ್ಯವಾಗಿ ಇಲ್ಲಿ ಒಪ್ಪುವುದಿಲ್ಲ.

ಕ್ಯಾಪ್ಚಾ ಟ್ಯಾಬೇ ಇಲ್ಲದಿದ್ದರೆ ವಿಪಿಎನ್ ಆಫ್ ಮಾಡಿ, ಅಥವಾ ವೈಫೈನಿಂದ ಮೊಬೈಲ್ ಡೇಟಾಗೆ, ಡೇಟಾದಿಂದ ವೈಫೈಗೆ ಬದಲಾಯಿಸಿ ಪುಟವನ್ನು ಮೊದಲಿನಿಂದ ತೆರೆಯಿರಿ. ಆಗಲೂ ಬರದಿದ್ದರೆ ಒಂದು ದಿನ ಬಿಟ್ಟು ನೋಡಿ. ಮೇಲಿಂದ ಮೇಲೆ ಪ್ರಯತ್ನಿಸಿದಷ್ಟೂ ಅನುಮಾನ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ.

ಖಾತೆ ಆದ ಮೇಲೆ ರಿಕವರಿಗಾಗಿ ನಂಬರ್ ಅಥವಾ ಇಮೇಲ್ ಕೇಳುವ ಪುಟ ಬಂದರೆ ಅದು ಕಡ್ಡಾಯವಲ್ಲ, ಬಿಟ್ಟು ಮುಂದೆ ಹೋಗಬಹುದು. ಆದರೆ ಸೆಟ್ಟಿಂಗ್ಸ್‌ನಲ್ಲಿ ರಿಕವರಿ ಎಂಬ ಭಾಗಕ್ಕೆ ಅಂದೇ ಹೋಗಿ 12 ಪದಗಳ ರಿಕವರಿ ಫ್ರೇಸ್ ತೆಗೆದುಕೊಳ್ಳಲೇಬೇಕು. ಪದಗಳ ಕ್ರಮ ಮುಖ್ಯ, ಹಾಳೆಯಲ್ಲಿ 1ರಿಂದ 12ರವರೆಗೆ ಅಂಕಿ ಹಾಕಿಯೇ ಬರೆಯಿರಿ.

ಇಲ್ಲಿ ಬಹಳ ಜನರಿಗೆ ತಿಳಿಯದ ಒಂದು ಸೂಕ್ಷ್ಮವಿದೆ. ರಿಕವರಿ ಇಮೇಲ್ ಕೊಟ್ಟಿದ್ದರೆ ಪಾಸ್‌ವರ್ಡ್ ರೀಸೆಟ್ ಮಾಡಿ ಖಾತೆಯ ಒಳಗೆ ಹೋಗಬಹುದು, ಆದರೆ ಹಳೆಯ ಮೇಲ್‌ಗಳು ತೆರೆಯುವುದಿಲ್ಲ. ಅವುಗಳ ಎನ್‌ಕ್ರಿಪ್ಷನ್ ಕೀ ಹಳೆಯ ಪಾಸ್‌ವರ್ಡ್‌ಗೆ ಕಟ್ಟಿಹಾಕಿರುತ್ತದೆ. ಬರೀ ಇಮೇಲ್‌ನಿಂದ ಮನೆಯೊಳಗೆ ಬರಬಹುದು, ಬೀರು ತೆಗೆಯಲಾಗದು. ರಿಕವರಿ ಫ್ರೇಸ್ ಇದ್ದರೆ ಎರಡೂ ಆಗುತ್ತದೆ. ಜೊತೆಗೆ, ರಿಕವರಿ ಇಮೇಲ್ ಅನ್ನು ಪ್ರೋಟಾನ್ ಓದಬಲ್ಲದು. 2024ರಲ್ಲಿ ಸ್ಪೇನ್‌ನ ಪ್ರಕರಣವೊಂದರಲ್ಲಿ ಸ್ವಿಸ್ ಕಾನೂನಿನ ಮೂಲಕ ಬಂದ ಕೋರಿಕೆಗೆ ಅದು ಅಂಥ ವಿಳಾಸವನ್ನು ಕೊಡಬೇಕಾಗಿ ಬಂದಿತ್ತು. ಖಾಸಗಿತನ ಮುಖ್ಯವಾದವರಿಗೆ ಫ್ರೇಸ್ ಒಂದೇ ಸಾಕು, ರಿಕವರಿ ಇಮೇಲ್ ಬೇಕಿಲ್ಲ.

ಜಿಮೇಲ್: ಪ್ರಯತ್ನಿಸಬಹುದು, ಭರವಸೆ ಇಡಬಾರದು

ಜಿಮೇಲ್‌ನಲ್ಲಿ ನಂಬರ್ ಕೇಳುವ ಪುಟ ಎರಡು ಥರ. ಒಂದು, ಖಾತೆಗೆ ಫೋನ್ ನಂಬರ್ ಸೇರಿಸುತ್ತೀರಾ ಎಂದು ಕೇಳುವುದು. ಇದರ ಕೆಳಗೆ ಸ್ಕಿಪ್ ಇರುತ್ತದೆ, ಕೆಲವು ಸಲ ಪುಟವನ್ನು ಪೂರ್ತಿ ಕೆಳಕ್ಕೆ ಸರಿಸಿದರೆ ಮಾತ್ರ ಕಾಣುತ್ತದೆ. ಇನ್ನೊಂದು, ನೀವು ರೋಬಾಟ್ ಅಲ್ಲವೆಂದು ಖಚಿತಪಡಿಸಿ ಎನ್ನುವುದು. ಇಲ್ಲಿ ನಂಬರ್ ಹಾಕಬೇಕು, ಅಥವಾ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಫೋನ್‌ನಿಂದ ಎಸ್‌ಎಂಎಸ್ ಕಳಿಸಬೇಕು. ಎರಡನೆಯದು ಬಂದರೆ ಆ ಪ್ರಯತ್ನ ಅಲ್ಲಿಗೆ ಮುಗಿಯಿತು. ಅದನ್ನು ದಾಟಿಸುವ ಗುಪ್ತ ಬಟನ್ ಯಾವುದೂ ಇಲ್ಲ.

ಅವಕಾಶ ಸ್ವಲ್ಪ ಹೆಚ್ಚಿರುವುದು ಆಂಡ್ರಾಯ್ಡ್ ಫೋನ್‌ನ ಸೆಟ್ಟಿಂಗ್ಸ್‌ನಿಂದ ಹೋದಾಗ: ಅಕೌಂಟ್ಸ್, ಆ್ಯಡ್ ಅಕೌಂಟ್, ಗೂಗಲ್, ಕ್ರಿಯೇಟ್ ಅಕೌಂಟ್. ಆದರೂ ಇದು ಖಾತ್ರಿಯಲ್ಲ.

ವಯಸ್ಸು ಕಡಿಮೆ ತೋರಿಸಿದರೆ ನಂಬರ್ ಕೇಳುವುದಿಲ್ಲ ಎಂಬ ಸಲಹೆ ಬಹಳ ಓಡಾಡುತ್ತದೆ. ದಯವಿಟ್ಟು ಮಾಡಬೇಡಿ. ಖಾತೆ ಹೊಂದಲು ಬೇಕಾದ ಕನಿಷ್ಠ ವಯಸ್ಸಿಗಿಂತ ಕಡಿಮೆಯೆಂದು ಗೂಗಲ್‌ಗೆ ಕಂಡರೆ ಖಾತೆ ನಿಲ್ಲಿಸಿ ವಯಸ್ಸಿನ ದಾಖಲೆ ಕೇಳುತ್ತದೆ. ನಂಬರ್ ಕೊಡಲು ಹಿಂಜರಿದವರು ಕೊನೆಗೆ ಗುರುತಿನ ಚೀಟಿಯನ್ನೇ ಅಪ್‌ಲೋಡ್ ಮಾಡಬೇಕಾಗಬಹುದು.

ಜಿಮೇಲ್ ಸಿಕ್ಕೇಬಿಟ್ಟರೆ ಒಳ್ಳೆಯ ಸುದ್ದಿ ಒಂದಿದೆ: 2024ರ ಮೇ ತಿಂಗಳಿಂದ ನಂಬರ್ ಕೊಡದೆಯೇ ಅಥೆಂಟಿಕೇಟರ್ ಆ್ಯಪ್ (ಫೋನ್‌ನಲ್ಲೇ ಕೋಡ್ ಹುಟ್ಟಿಸುವ ಓಟಿಪಿ ಆ್ಯಪ್) ಅಥವಾ ಸೆಕ್ಯುರಿಟಿ ಕೀ (ಲಾಗಿನ್‌ಗೆ ಬಳಸುವ ಸಣ್ಣ ಸಾಧನ) ಸೇರಿಸಿ ಎರಡು ಹಂತದ ಪರಿಶೀಲನೆ ಆನ್ ಮಾಡಬಹುದು. ಅಲ್ಲೇ 8 ಅಂಕಿಗಳ 10 ಬ್ಯಾಕಪ್ ಕೋಡ್‌ಗಳು ಸಿಗುತ್ತವೆ. ಒಂದೊಂದೂ ಒಂದೇ ಸಲಕ್ಕೆ, ಬಳಸಿದ್ದನ್ನು ಹಾಳೆಯಲ್ಲಿ ಹೊಡೆದುಹಾಕಿ.

ಔಟ್‌ಲುಕ್: ಸುಲಭವಾಗಿ ತೆರೆಯುತ್ತದೆ, ಆಮೇಲೆ ಲಾಕ್ ಆಗಬಹುದು

ಮೈಕ್ರೋಸಾಫ್ಟ್‌ನ ಔಟ್‌ಲುಕ್ ಖಾತೆ ಅನೇಕ ಸಲ ನಂಬರ್ ಇಲ್ಲದೆ, ಒಂದು ಒಗಟು ಬಿಡಿಸಿದರೆ ಅಥವಾ ಬಟನ್ ಒತ್ತಿ ಹಿಡಿದರೆ ತೆರೆದುಕೊಳ್ಳುತ್ತದೆ. ತೊಂದರೆ ಶುರುವಾಗುವುದು ಕೆಲವು ದಿನಗಳ ನಂತರ. ಹೊಸ ಖಾತೆಯಿಂದ ಒಮ್ಮೆಲೇ ಹತ್ತಾರು ಮೇಲ್ ಹೋದರೆ, ಅಥವಾ ಬೇರೆ ಐಪಿಯಿಂದ ಲಾಗಿನ್ ಆದರೆ ಖಾತೆ ಲಾಕ್ ಆಗಿದೆ ಎಂದು ತೋರಿಸಿ ಬಿಡಿಸಲು ನಂಬರ್ ಕೇಳುತ್ತದೆ.

ತಡೆಯಲು ಮಾಡಬೇಕಾದದ್ದು ಇಷ್ಟು. ಖಾತೆ ತೆರೆದ ತಕ್ಷಣ ಸೆಕ್ಯುರಿಟಿ ಪುಟಕ್ಕೆ ಹೋಗಿ ಇನ್ನೊಂದು ಇಮೇಲ್ ಸೇರಿಸಿ, ಅಥೆಂಟಿಕೇಟರ್ ಆ್ಯಪ್ ಸೇರಿಸಿ. ಅದೇ ಪುಟದಲ್ಲಿ 25 ಅಕ್ಷರಗಳ ರಿಕವರಿ ಕೋಡ್ ಹುಟ್ಟಿಸಬಹುದು, ಅದನ್ನು ಬರೆದಿಡಿ. ಹೊಸದು ಹುಟ್ಟಿಸಿದರೆ ಹಳೆಯದು ಕೆಲಸಕ್ಕೆ ಬಾರದು. ಮೊದಲ ವಾರ ಒಂದೇ ಕಂಪ್ಯೂಟರ್‌ನಿಂದ ಬಳಸಿ, ದಿನಕ್ಕೆ ಎರಡು ಮೂರು ಮೇಲ್‌ಗಿಂತ ಹೆಚ್ಚು ಬೇಡ, ಒಂದೇ ಪತ್ರವನ್ನು ಹಲವರಿಗೆ ಕಳಿಸಲೇಬೇಡಿ. ಸುರಕ್ಷತಾ ಮಾಹಿತಿಯನ್ನೆಲ್ಲ ಒಟ್ಟಿಗೆ ಬದಲಾಯಿಸಿದರೆ 30 ದಿನ ಕಾಯಿಸುತ್ತದೆ ಎಂಬುದೂ ನೆನಪಿರಲಿ.

ಇನ್ನೂ ಕೆಲವು ಬಾಗಿಲುಗಳು

ತಿಂಗಳಿಗೆ 1 ಯೂರೋ ಕೊಡಲು ಅಡ್ಡಿಯಿಲ್ಲದವರಿಗೆ ಬರ್ಲಿನ್‌ನ ಪೋಸ್ಟಿಯೋ ಇದೆ. ಹೆಸರು ಬೇಡ, ನಂಬರ್ ಬೇಡ. ಹಣ ಪಾವತಿಯ ವಿವರವನ್ನು ಖಾತೆಯ ಜೊತೆ ಜೋಡಿಸುವುದಿಲ್ಲ, ಲಕೋಟೆಯಲ್ಲಿ ನಗದು ಕಳಿಸಿದರೂ ನಡೆಯುತ್ತದೆ. ಥಂಡರ್‌ಬರ್ಡ್‌ನಲ್ಲಿ ಬಳಸಬೇಕೆನ್ನುವವರಿಗೆ ಇದೇ ಅನುಕೂಲ. ನೆದರ್‌ಲೆಂಡ್ಸ್‌ನ ಡಿಸ್‌ರೂಟ್ ಉಚಿತ, ಆದರೆ ಏಕೆ ಖಾತೆ ಬೇಕು ಎಂದು ಬರೆದದ್ದನ್ನು ಮನುಷ್ಯರೇ ಓದಿ ಒಪ್ಪುತ್ತಾರೆ. ಒಂದು ಪದ ಗೀಚಿದರೆ ತಿರಸ್ಕಾರ, ಎರಡು ಮೂರು ನಿಜವಾದ ವಾಕ್ಯ ಬರೆಯಿರಿ. 1999ರಿಂದ ಇರುವ ರೈಸ್‌ಅಪ್‌ಗೆ ಈಗಾಗಲೇ ಖಾತೆ ಇರುವವರು ಕೊಡುವ ಇನ್‌ವೈಟ್ ಕೋಡ್ ಬೇಕು.

ಈ ದಾರಿಗಳನ್ನು ಹಿಡಿಯಬೇಡಿ

ಉಚಿತವಾಗಿ ಎಸ್‌ಎಂಎಸ್ ಸ್ವೀಕರಿಸುವ ವೆಬ್‌ಸೈಟ್‌ಗಳಿವೆ. ಅಲ್ಲಿನ ನಂಬರಿಗೆ ಬಂದ ಓಟಿಪಿ ಜಗತ್ತಿನಲ್ಲಿ ಯಾರು ಬೇಕಾದರೂ ನೋಡುವಂತೆ ಪುಟದ ಮೇಲೆ ಸಾಲಾಗಿ ಬರುತ್ತದೆ. ಇಂದು ನೀವು ಆ ನಂಬರ್ ಕೊಟ್ಟು ಖಾತೆ ತೆರೆದರೆ ನಾಳೆ ಇನ್ಯಾರೋ ಅದೇ ನಂಬರ್ ಹಾಕಿ ಪಾಸ್‌ವರ್ಡ್ ಮರೆತಿದೆ ಎಂದು ಒತ್ತಬಹುದು, ಕೋಡ್ ಅದೇ ಪುಟದಲ್ಲಿ ಬರುತ್ತದೆ. ಅದೂ ಅಲ್ಲದೆ ಇಂಥ ನಂಬರ್‌ಗಳನ್ನು ಸಾವಿರಾರು ಜನ ಬಳಸಿ, ಈ ನಂಬರ್ ಮಿತಿಗಿಂತ ಹೆಚ್ಚು ಸಲ ಬಳಕೆಯಾಗಿದೆ ಎಂಬ ಉತ್ತರವೇ ಬರುವುದು ಹೆಚ್ಚು.

ಬೇರೆಯವರು ತೆರೆದು ಮಾರುವ ರೆಡಿ ಖಾತೆಗಳನ್ನು ಕೊಳ್ಳಬೇಡಿ. ಪಾಸ್‌ವರ್ಡ್ ಬದಲಾಯಿಸಿದರೂ ತೆರೆದಾಗಿನ ವಿವರಗಳು ಮಾರಿದವರ ಹತ್ತಿರ ಇರುತ್ತವೆ, ಅವರು ಯಾವತ್ತಾದರೂ ವಾಪಸ್ ಎಳೆದುಕೊಳ್ಳಬಹುದು. ತಾತ್ಕಾಲಿಕ ಮೇಲ್ ವಿಳಾಸವನ್ನು ರಿಕವರಿಗೆ ಕೊಡುವುದೂ ಇಂಥದ್ದೇ ತಪ್ಪು, ಬೇಕಾದ ದಿನ ಅದು ಇರುವುದೇ ಇಲ್ಲ.

ಎರಡನೇ ಬೀಗ: ಓಟಿಪಿ ಆ್ಯಪ್

ಎಸ್‌ಎಂಎಸ್ ಇಲ್ಲದೆಯೂ 6 ಅಂಕಿಯ ಕೋಡ್ ಪಡೆಯಬಹುದು. ಏಜಿಸ್, ಎಂಟೆ ಆಥ್ ಮುಂತಾದ ಆ್ಯಪ್‌ಗಳು ಫೋನ್‌ನಲ್ಲೇ ಪ್ರತಿ 30 ಸೆಕೆಂಡಿಗೊಂದು ಹೊಸ ಕೋಡ್ ಲೆಕ್ಕ ಹಾಕುತ್ತವೆ. ಸಿಮ್ ಬೇಡ, ಸಿಗ್ನಲ್ ಬೇಡ. ಮೇಲ್ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಎರಡು ಹಂತದ ಪರಿಶೀಲನೆ ಆನ್ ಮಾಡಿದಾಗ ಕ್ಯೂಆರ್ ಕೋಡ್ ಬರುತ್ತದೆ, ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ, ಬಂದ ಕೋಡನ್ನು ಅಲ್ಲಿ ಹಾಕಿದರೆ ಜೋಡಣೆ ಆಯಿತು.

ಸ್ಕ್ಯಾನ್ ಮಾಡಿ ಪುಟ ಮುಚ್ಚುವ ಮುನ್ನ ಒಂದು ಕೆಲಸ ಬಾಕಿ ಇದೆ. ಕ್ಯೂಆರ್ ಪಕ್ಕದಲ್ಲಿ ಅಕ್ಷರರೂಪದ ಕೀ ಕೂಡ ತೋರಿಸುತ್ತಾರೆ, ಅದನ್ನೂ ಹಾಳೆಗೆ ಇಳಿಸಿ. ಫೋನ್ ಕಳೆದುಹೋದರೆ ಹೊಸ ಫೋನ್‌ನ ಆ್ಯಪ್‌ಗೆ ಅದೇ ಕೀ ಟೈಪ್ ಮಾಡಿದರೆ ಕೋಡ್ ಮತ್ತೆ ಬರಲು ಶುರು. ಇಲ್ಲಿ ಅಕ್ಷರಗಳ ಲೆಕ್ಕ ಟೂಟಾ ಕೋಡ್‌ಗೆ ತದ್ವಿರುದ್ಧ: ಇದರಲ್ಲಿ ಇಂಗ್ಲಿಷ್‌ನ ಎಲ್ಲ ಅಕ್ಷರಗಳೂ 2ರಿಂದ 7ರವರೆಗಿನ ಅಂಕಿಗಳೂ ಇರುತ್ತವೆ, ಆದರೆ 0, 1, 8, 9 ಇರುವುದಿಲ್ಲ. ಹಾಗಾಗಿ ದುಂಡಗೆ ಕಂಡದ್ದು ಇಲ್ಲಿ ಯಾವಾಗಲೂ ‘ಓ’ ಅಕ್ಷರ.

ಕೋಡ್ ಸರಿಯಾಗಿ ಹಾಕಿದರೂ ತಪ್ಪು ಎಂದು ಬಂದರೆ ಫೋನ್‌ನ ಗಡಿಯಾರ ನೋಡಿ. ಕೋಡ್ ಹುಟ್ಟುವುದೇ ಸಮಯದ ಲೆಕ್ಕದ ಮೇಲೆ. ಒಂದೆರಡು ನಿಮಿಷ ಹಿಂದುಮುಂದಿದ್ದರೂ ತಾಳೆಯಾಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಸಮಯವನ್ನು ಆಟೋಮ್ಯಾಟಿಕ್‌ಗೆ ಇಟ್ಟರೆ ಸರಿಹೋಗುತ್ತದೆ.

ಹಾಳೆಯನ್ನು ಎಲ್ಲಿಡಬೇಕು, ಹೇಗೆ ಪರೀಕ್ಷಿಸಬೇಕು

ಈಗ ಹಾಳೆಯಲ್ಲಿ ಖಾತೆಯ ಐಡಿ, ರಿಕವರಿ ಕೋಡ್, ಓಟಿಪಿ ಆ್ಯಪ್‌ನ ಕೀ, ತಾರೀಕು ಇವೆ. ಪಾಸ್‌ವರ್ಡನ್ನು ಇದೇ ಹಾಳೆಯಲ್ಲಿ ಬರೆಯಬೇಡಿ, ಬರೆದರೆ ಹಾಳೆ ಸಿಕ್ಕವರಿಗೆ ಖಾತೆಯೇ ಸಿಕ್ಕಂತೆ. ಎರಡು ಪ್ರತಿ ಮಾಡಿ, ಬೇರೆ ಬೇರೆ ಜಾಗದಲ್ಲಿಡಿ. ಲ್ಯಾಪ್‌ಟಾಪ್ ಬ್ಯಾಗ್ ಬೇಡ, ಕಳವಾದರೆ ಲ್ಯಾಪ್‌ಟಾಪೂ ಹಾಳೆಯೂ ಒಟ್ಟಿಗೆ ಹೋಗುತ್ತವೆ.

ಖಾತೆಯಲ್ಲಿ ಇನ್ನೂ ಏನೂ ಇಲ್ಲದಿರುವಾಗಲೇ ಪರೀಕ್ಷೆ ಮಾಡಿ. ಲಾಗ್ ಔಟ್ ಆಗಿ, ಪಾಸ್‌ವರ್ಡ್ ಮರೆತಿದೆ ಎಂದು ಒತ್ತಿ, ಹಾಳೆ ನೋಡಿಕೊಂಡು ಕೋಡ್ ಹಾಕಿ ಒಳಗೆ ಬನ್ನಿ. ಬರೆಯುವಾಗ ಒಂದಕ್ಷರ ತಪ್ಪಿದ್ದರೆ ಈಗಲೇ ಗೊತ್ತಾಗುತ್ತದೆ. ನಷ್ಟ ಆಗುವುದಾದರೂ ಖಾಲಿ ಖಾತೆಯದ್ದು. ರೀಸೆಟ್ ಮುಗಿದ ಮೇಲೆ ಹೊಸ ರಿಕವರಿ ಕೋಡ್ ಕೊಟ್ಟರೆ ಹಾಳೆಯನ್ನೂ ಬದಲಾಯಿಸಿ, ಹಳೆಯದನ್ನು ಹರಿದುಹಾಕಿ.

ಎರಡು ಖಾತೆ ತೆರೆದು ಒಂದಕ್ಕೊಂದನ್ನು ರಿಕವರಿಗೆ ಕೊಡುವವರಿದ್ದಾರೆ. ಇದು ಒಂದು ಹಂತದವರೆಗೆ ಸರಿ. ಆದರೆ ಎರಡರ ಪಾಸ್‌ವರ್ಡೂ ಒಂದೇ ಫೋನ್‌ನಲ್ಲಿದ್ದು ಆ ಫೋನ್ ಹೋದರೆ ಎರಡೂ ಹೋದವು. ಎರಡನೇ ಖಾತೆಯನ್ನು ಯಾರೂ ತೆರೆದು ನೋಡದೆ ಅದು ಸದ್ದಿಲ್ಲದೆ ಅಳಿಸಿಹೋಗುವ ಅಪಾಯವೂ ಇದೆ. ಅಳಿದ ವಿಳಾಸ ಬೇರೆಯವರ ಕೈಗೆ ಹೋಗುವುದು ಬರೀ ಊಹೆಯಲ್ಲ, 2013ರಲ್ಲಿ ಯಾಹೂ ಬಳಕೆಯಲ್ಲಿಲ್ಲದ ಐಡಿಗಳನ್ನು ಕೇಳಿದವರಿಗೆ ಹಂಚಿತ್ತು.

ಆದ್ದರಿಂದ ಹಾಳೆಯ ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿ: ಈ ಖಾತೆಗೆ ಎಷ್ಟು ದಿನಕ್ಕೊಮ್ಮೆ ಲಾಗಿನ್ ಆಗಬೇಕು. ಟೂಟಾದ ಉಚಿತ ಖಾತೆ 6 ತಿಂಗಳು ತೆರೆಯದಿದ್ದರೆ ಅಳಿಸಲ್ಪಡುತ್ತದೆ. ಪ್ರೋಟಾನ್‌ನ ಉಚಿತ ಖಾತೆಗೆ ಗಡುವು 12 ತಿಂಗಳು. ಔಟ್‌ಲುಕ್‌ನಲ್ಲಿ ಮೇಲ್ ಪೆಟ್ಟಿಗೆಗೆ 1 ವರ್ಷ, ಗೂಗಲ್ ಖಾತೆಗೆ 2 ವರ್ಷ. ಫೋನ್‌ನ ಕ್ಯಾಲೆಂಡರ್‌ನಲ್ಲಿ ಮೂರು ತಿಂಗಳಿಗೊಂದು ಜ್ಞಾಪನೆ ಇಟ್ಟು, ಆ ದಿನ ಬರೀ ಆ್ಯಪ್ ತೆರೆದು ಬಿಡದೆ ಒಮ್ಮೆ ಲಾಗ್ ಔಟ್ ಆಗಿ ಪಾಸ್‌ವರ್ಡ್ ಟೈಪ್ ಮಾಡಿಯೇ ಒಳಗೆ ಬನ್ನಿ. ಗಡುವೂ ಮುಂದೆ ಹೋಗುತ್ತದೆ, ಪಾಸ್‌ವರ್ಡೂ ಬೆರಳಿಗೆ ನೆನಪಿರುತ್ತದೆ.